ಆಳದ ಸೊನ್ನೆ

ಸುಖವನ್ನು ಅಳೆಯುವ ಯಂತ್ರ ಬಂದ ಮೇಲೆ ನಮ್ಮ ಹೊಸಗಿರಿಯಲ್ಲಿ ಜಗಳಗಳು ಕಡಿಮೆಯಾದವು ಎನ್ನುವುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೊದಲಾದರೆ ಒಂದು ಗಟಾರದ ಸಲುವಾಗಿ ಎರಡು ಓಣಿಯವರು ತಿಂಗಳುಗಟ್ಟಲೆ ಬಡಿದಾಡುತ್ತಿದ್ದರು. ಈಗ ಹಾಗಿಲ್ಲ. ಗಟಾರ ಯಾರ ಮನೆಯ ಮುಂದೆ ಹಾಯ್ದರೆ ಊರಿನ ಒಟ್ಟು ಸುಖ ಹೆಚ್ಚುತ್ತದೋ ಅಲ್ಲಿ ಹಾಯುತ್ತದೆ. ಆ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ಉಳಿದವರು ಯಂತ್ರವನ್ನು ಹೊಗಳುತ್ತಾರೆ.

ಮಗುವಿಗೆ ಕಿವಿ ಚುಚ್ಚುವಾಗಲೇ ಕಿವಿಯ ಹಿಂದೆ, ಚರ್ಮದಡಿ, ಜೋಳದ ಕಾಳಿನಷ್ಟು ಒಂದು ಮಾಪಿಯನ್ನು ಇಟ್ಟುಬಿಡುತ್ತಾರೆ. ನರಗಳ ಮಿಡಿತ, ರಕ್ತದಲ್ಲಿನ ರಸಗಳ ಏರಿಳಿತ ಎಲ್ಲವನ್ನೂ ಅದು ಆಲಿಸಿ, ಈ ಕ್ಷಣಕ್ಕೆ ನೀವೆಷ್ಟು ಸುಖವಾಗಿದ್ದೀರಿ ಎಂಬುದನ್ನು ಒಂದು ಅಂಕಿ ಮಾಡಿ ಮೊತ್ತದ ಮನೆಗೆ ಕಳಿಸುತ್ತದೆ. ಮೊತ್ತದ ಮನೆ ಎಂದರೆ ಹಳೆಯ ಕಚೇರಿಯ ಜಾಗದಲ್ಲಿ ಕಟ್ಟಿದ ಗಾಜಿನ ಕಟ್ಟಡ. ಊರಿನವರೆಲ್ಲರ ಅಂಕಿಗಳು ಅಲ್ಲಿ ಕೂಡುತ್ತವೆ. ಮೊತ್ತ ಹೆಚ್ಚಿಸುವ ಕೆಲಸ ಒಳ್ಳೆಯದು, ಇಳಿಸುವ ಕೆಲಸ ಕೆಟ್ಟದ್ದು. ಧರ್ಮ ಯಾವುದು, ಅಧರ್ಮ ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಕಾಲ ಮುಗಿಯಿತು.

ಆದರೆ ಒಬ್ಬನ ಮಿಡಿತವನ್ನು ಇನ್ನೊಬ್ಬನದಕ್ಕೆ ಹೋಲಿಸುವುದು ಹೇಗೆ? ಅದಕ್ಕೆ ವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡರು. ಮಗುವಿಗೆ ಹತ್ತು ತುಂಬಿದಾಗ ಮೊತ್ತದ ಮನೆಗೆ ಕರೆದೊಯ್ದು, ನಿನ್ನ ಬಾಳಿನ ಅತ್ಯಂತ ಕೆಟ್ಟ ದಿನವನ್ನು ನೆನಪು ಮಾಡಿಕೋ ಎನ್ನುತ್ತಾರೆ. ಆಗ ಮಾಪಿಗೆ ಕಂಡದ್ದು ಆ ಮಗುವಿನ ಸೊನ್ನೆ. ಅತ್ಯಂತ ಒಳ್ಳೆಯ ದಿನವನ್ನು ನೆನಪು ಮಾಡಿಕೋ ಎನ್ನುತ್ತಾರೆ. ಅದು ನೂರು. ಮುಂದೆ ಜೀವಮಾನವೆಲ್ಲ ಆ ಎರಡರ ನಡುವೆ ಅಳತೆ. ಯಂತ್ರ ಬಂದಾಗಲೇ ದೊಡ್ಡವರಾಗಿದ್ದವರನ್ನು ಆಗಲೇ ಕೂರಿಸಿ ಅಳೆದರು. ಪ್ರತಿಯೊಬ್ಬರಿಗೂ ಅವರವರದೇ ಸೊನ್ನೆ, ಅವರವರದೇ ನೂರು. ಇದಕ್ಕಿಂತ ನ್ಯಾಯ ಎಲ್ಲಿ ಸಿಕ್ಕೀತು!

ತಲೆ ಇದ್ದವರಿಗೆ ಇದರ ಗುಟ್ಟು ಬೇಗ ತಿಳಿಯಿತು. ಕಂಡ ದುಃಖ ಚಿಕ್ಕದಾದಷ್ಟೂ ಸೊನ್ನೆ ಮೇಲೆಯೇ ಉಳಿಯುತ್ತದೆ. ಅಂಥವನಿಗೆ ಸೊಳ್ಳೆ ಕಚ್ಚಿದರೂ ಅಂಕಿ ಹತ್ತಕ್ಕಿಳಿಯುತ್ತದೆ, ಯಂತ್ರ ಗಾಬರಿಯಾಗಿ ಅವನ ಓಣಿಗೆಲ್ಲ ಔಷಧ ಹೊಡೆಸುತ್ತದೆ. ದೊಡ್ಡ ದುಃಖ ಕಂಡವನ ಸೊನ್ನೆ ಪಾತಾಳದಲ್ಲಿರುತ್ತದೆ. ಅವನ ಕಾಲು ಮುರಿದರೂ ಆ ಒಂದು ದಿನಕ್ಕಿಂತ ಎಷ್ಟೋ ವಾಸಿ, ಅಂಕಿ ಅರವತ್ತು. ಹಾಗಾಗಿ ಊರಿನಲ್ಲಿ ಯಾರಾದರೂ ಕಷ್ಟ ಅನುಭವಿಸಲೇಬೇಕಾದಾಗ, ಮೊದಲೇ ಕಷ್ಟ ಕಂಡವರಿಗೇ ಅದು ಹೋಗುತ್ತದೆ. ಅವರಿಂದ ಮೊತ್ತಕ್ಕೆ ಆಗುವ ನಷ್ಟ ಕಡಿಮೆ.

ಅನುಕೂಲಸ್ಥರ ಮನೆಗಳಲ್ಲಿ ಈಗ ಹತ್ತು ತುಂಬುವವರೆಗೆ ಮಕ್ಕಳನ್ನು ಅಳಲು ಬಿಡುವುದಿಲ್ಲ. ಅಜ್ಜಿ ಸತ್ತರೆ ಹಿತ್ತಲ ಬಾಗಿಲಿನಿಂದ ಹೆಣ ಸಾಗಿಸಿ, ಅಜ್ಜಿ ಕಾಶಿಗೆ ಹೋದಳು ಎನ್ನುತ್ತಾರೆ. ಹಾಗಂತ ತೀರ ನಗಿಸುವುದೂ ಇಲ್ಲ. ನೂರು ಎತ್ತರಕ್ಕೆ ಹೋದರೆ ಮುಂದೆ ಅದನ್ನು ಮುಟ್ಟುವುದು ಕಷ್ಟ. ಅಳತೆ ಶಾಸ್ತ್ರದ ದಿನ ಐದು ಜನ ಮುತ್ತೈದೆಯರು ಆರತಿ ಎತ್ತುತ್ತಾರೆ, ಆದರೆ ಎಲೆಯ ಮೇಲೆ ಸಪ್ಪನೆ ಅನ್ನ, ನೀರು ಸಾರು. ಹೋಳಿಗೆ ಬಡಿಸಿದರೆ ಮಗು ಹಿಗ್ಗಿ ಅಳತೆ ಕೆಡುತ್ತದೆ.

ಹಾಲಿನ ಗಾಡಿಯ ಫಕೀರಪ್ಪನ ಮಗಳು ಚಂಪಾಳ ಅಳತೆ ಕೆಟ್ಟದ್ದು ಹೋಳಿಗೆಯಿಂದಲ್ಲ. ಅವಳಿಗೆ ಹತ್ತು ತುಂಬುವ ತಿಂಗಳು ಫಕೀರಪ್ಪನ ಗಾಡಿ ಕೆರೆಯ ಏರಿಯಿಂದ ಉರುಳಿತು. ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಒಂದು ಗೀರೂ ಆಗಲಿಲ್ಲ. ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡ ಅಪ್ಪನ ಕೈ ಹಿಡಿದುಕೊಂಡು, ಜನ ಬರುವವರೆಗೆ, ಕೈ ತಣ್ಣಗಾದ ಮೇಲೂ, ಕೂತಿದ್ದಳು. ಇಂಥ ಸಂದರ್ಭದಲ್ಲಿ ಅಳತೆಯನ್ನು ವರ್ಷ ಮುಂದೆ ಹಾಕಿಸಬಹುದಿತ್ತು, ಅದಕ್ಕೆ ಅವಕಾಶವಿತ್ತು. ಆದರೆ ಅಳತೆ ಅಷ್ಟರಲ್ಲಿ ನಮ್ಮಲ್ಲಿ ಮದುವೆ ಮುಂಜಿಯ ಸಾಲಿಗೆ ಸೇರಿಹೋಗಿತ್ತು. ಸಾವಾದ ಮನೆಯಲ್ಲಿ ಬೇಗ ಒಂದು ಶುಭಕಾರ್ಯ ಆಗಬೇಕು, ಇಲ್ಲವಾದರೆ ಮೂರು ವರ್ಷ ಏನೂ ಮಾಡುವಂತಿಲ್ಲ ಎಂದು ಹಿರಿಯರು ಗದ್ದಲ ಹಾಕಿದರು. ಚಂಪಾಳ ತಾಯಿ ರುದ್ರವ್ವ ಆಗ ಯಾರು ಏನು ಹೇಳಿದರೂ ಹೂಂ ಅನ್ನುವ ಸ್ಥಿತಿಯಲ್ಲಿದ್ದಳು. ದಿವಸ ಮುಗಿದ ವಾರಕ್ಕೇ ಹುಡುಗಿಗೆ ಹಸಿರು ಬಳೆ ತೊಡಿಸಿ, ಹಣೆಗೆ ಕುಂಕುಮವಿಟ್ಟು, ಅಳೆಸಿಕೊಂಡು ಬಂದರು. ಅಂಥ ಆಳದ ಸೊನ್ನೆಯನ್ನು ಮೊತ್ತದ ಮನೆ ಅಲ್ಲಿಯವರೆಗೆ ಕಂಡಿರಲಿಲ್ಲ.

ವಿಚಿತ್ರವೆಂದರೆ ರುದ್ರವ್ವನ ಅಳತೆ ಯಂತ್ರ ಬಂದ ಕಾಲದ್ದು, ಗಂಡ ಬದುಕಿದ್ದಾಗಿನದು. ಅವಳ ಸೊನ್ನೆ ಅಂದರೆ ಎಮ್ಮೆ ಸತ್ತ ದಿನ. ಹಾಗಾಗಿ ಗಂಡ ಹೋದ ಮೇಲೆ ಅವಳ ಅಂಕಿ ಎಂಟು, ಒಂಬತ್ತರಲ್ಲೇ ಒದ್ದಾಡಿತು. ಯಂತ್ರಕ್ಕೆ ಮರುಕ ಬಂದು ಮನೆಗೆ ಅಕ್ಕಿ ಬೇಳೆ ಕಳಿಸಿತು, ಕೂತು ಮಾಡುವ ಕೆಲಸ ಕೊಟ್ಟಿತು. ಅದೇ ಸಾವಿಗೆ ಮಗಳ ಅಂಕಿ ಎಪ್ಪತ್ತರಲ್ಲಿ ನಿಂತಿತು. ಮನೆಯ ಹಿಂದೆ ಊರಿನ ಕಸ ಸುರಿದಾಗಲೂ ಎಪ್ಪತ್ತು. ಅವಳು ಬೆಳೆದು ಲೈಸೆನ್ಸ್ ಪಡೆದ ಮೇಲೆ, ಚಳಿಗಾಲದ ನಸುಕಿನಲ್ಲಿ ಯಾರೂ ಒಲ್ಲದ ಹಾಲಿನ ಗಾಡಿಯನ್ನು ಅವಳಿಗೆ ವಹಿಸಿದಾಗ ಮಾತ್ರ ಯಂತ್ರದ ಲೆಕ್ಕ ತಪ್ಪಿತು. ಅಂಕಿ ಇಳಿಯುವ ಬದಲು ತೊಂಬತ್ತಕ್ಕೇರಿತು. ಸ್ಟೇರಿಂಗ್ ಹಿಡಿದರೆ ಅವಳಿಗೆ ಅಪ್ಪನ ತೊಡೆಯ ಮೇಲೆ ಕೂತಂತಾಗುತ್ತಿತ್ತು.

ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕಿ ಗಳಿಸಿದವರಿಗೆ ಯುಗಾದಿಯ ದಿನ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ, ‘ಸುಖಿ ನಾಗರಿಕ’ ಎಂಬ ಬಿರುದು. ಚಂಪಾ ಅದನ್ನು ಮೂರು ಸಲ ಪಡೆದಳು. ಮೂರನೆಯ ಸಲ ಶಾಲು ಹೊದ್ದುಕೊಂಡು ಮನೆಗೆ ಬಂದವಳ ಹಿಂದೆಯೇ ಮೊತ್ತದ ಮನೆಯಿಂದ ಕರೆ ಬಂತು.

ಅಲ್ಲಿಯ ದೊಡ್ಡ ಅಧಿಕಾರಿ ಡಾಕ್ಟರ್ ಸುಶೀಲೇಂದ್ರ ಕೆಟ್ಟ ಮನುಷ್ಯರಲ್ಲ. ಅದೇ ನನಗೆ ಸಿಟ್ಟು ಬರಿಸುವುದು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ತಾಯಿ ಮಗಳನ್ನು ಕೂರಿಸಿ, ಚಹಾ ತರಿಸಿ, ಗೋಡೆಯಗಲದ ಪರದೆಯ ಮೇಲೆ ಎರಡು ಗೆರೆಗಳನ್ನು ತೋರಿಸಿದರು.

“ಇದು ಗಿರಣಿ ಮಾಲಕರ ಮಗ ಚಿರಂತನನದು. ಶಟಲ್ ಆಡೋವಾಗ ಕಾಕ್ ಬಡದು ಒಂದು ಕಣ್ಣು ಹೋತು. ಪಾಪ, ಎರಡರಾಗ ಇದ್ದಾನ. ಕಣ್ಣು ಬಂತಂದ್ರ ಎಂಬತ್ತೆಂಟಕ್ಕ ಹೋಗ್ತಾನ,” ಎಂದರು. ಬೆರಳು ಇನ್ನೊಂದು ಗೆರೆಗೆ ಸರಿಯಿತು. “ಇದು ನಿಂದವಾ ಚಂಪಾ. ಈಗ ಎಪ್ಪತ್ತೊಂಬತ್ತು. ಒಂದು ಕಣ್ಣು ಕೊಟ್ಟಿ ಅಂದ್ರ ಎಪ್ಪತ್ತನಾಲ್ಕು. ಬರೇ ಐದು ನೋಡು. ಊರಾಗ ಬ್ಯಾರೆ ಯಾರಿಂದ ತಗೊಂಡರೂ ನಲವತ್ತು ಐವತ್ತು ಹೋಗ್ತದ.”

ಚಂಪಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಒಂದು ಕಣ್ಣಿದ್ದವ್ರಿಗೆ ಗಾಡಿ ಹೊಡಿಯಾಕ ಲೈಸೆನ್ಸ್ ಕೊಡೂದಿಲ್ರಿ ಸರ್.”

“ಅದನ್ನೂ ಸೇರಿಸೇ ಐದು ಬಂದದ.”

“ಅಂವಗ ಇನ್ನೊಂದು ಕಣ್ಣ ಐತೆಲ್ರೀ ಸಾಹೇಬ್ರ,” ಎಂದಳು ರುದ್ರವ್ವ. “ಅದರ ಮ್ಯಾಲ ಬಾಳ್ವೆ ಮಾಡ್ಲಿ. ನನ್ನ ಮಗಳು ಯಾಕ ಕೊಡಬೇಕು?”

“ಅಂವಗ ತಡಕೊಳ್ಳೋ ಶಕ್ತಿ ಇಲ್ರೀ ರುದ್ರವ್ವನವರ. ಅಂವನ ಸೊನ್ನಿ ಅಂದ್ರ ಏನು ಗೊತ್ತದ ಏನು? ನಾಯಿಮರಿ ಮಧ್ಯಾಹ್ನ ಕಳದು ಸಂಜಿಗೆ ಸಿಕ್ಕಿದ ದಿನ. ಹಂಗ ಬೆಳಸ್ಯಾರ. ನಿಮ್ಮ ಮಗಳಿಗೆ ತಡಕೊಳ್ಳೋ ಶಕ್ತಿ ಅದ.”

ಒಪ್ಪಿಗೆಯ ಮಾತನ್ನು ಅವರು ಎತ್ತಲಿಲ್ಲ. ಒಪ್ಪಿಗೆ ಕೇಳುವ ಪದ್ಧತಿಯನ್ನು ನಾವು ಎಂದೋ ಬಿಟ್ಟಿದ್ದೇವೆ. ಕೇಳಿದರೆ ಜನ ಚಿಂತೆಗೆ ಬೀಳುತ್ತಾರೆ, ಮೊತ್ತ ಇಳಿಯುತ್ತದೆ.

ರುದ್ರವ್ವ ಅತ್ತಳು, ಬೈದಳು, ಚಹಾದ ಕಪ್ಪು ಕೆಡವಿದಳು. ಅಷ್ಟರಲ್ಲಿ ಅವಳ ಅಂಕಿ ಮೂರಕ್ಕಿಳಿದದ್ದನ್ನು ಪರದೆಯ ಮೇಲೆ ಕಂಡು ಸುಶೀಲೇಂದ್ರರಿಗೆ ನಿಜಕ್ಕೂ ಕಸಿವಿಸಿಯಾಯಿತು. ಆ ಕಸಿವಿಸಿಯಲ್ಲೇ ಬಾಯಿಬಿಟ್ಟರು. ಕಾನೂನಿನಲ್ಲಿ ಮರು ಅಳತೆಗೆ ಅವಕಾಶವಿದೆ. ಕೆಟ್ಟ ದಿನದ ನೆನಪೇ ಇಲ್ಲದಂತಾದರೆ ಸೊನ್ನೆ ಮೇಲೇರುತ್ತದೆ. ನೆನಪು ಅಳಿಸುವ ಚಿಕಿತ್ಸೆ ಮೊತ್ತದ ಮನೆಯಲ್ಲೇ ಇದೆ, ಬೇಕಾದವರಿಗೆ ಪುಕ್ಕಟೆ. ಒಂದೇ ನಿಯಮ, ಒಬ್ಬರ ಅಳತೆ ತಿದ್ದಿದರೆ ಆ ಮನೆಯ ಎಲ್ಲರನ್ನೂ ಹೊಸದಾಗಿ ಅಳೆಯಬೇಕು. ಮೋಸ ಆಗಬಾರದಲ್ಲ.

“ಆದರ ಅಪಘಾತ ಒಂದನ್ನ ಅಳಿಸಿದ್ರ ಆಗೂದಿಲ್ಲ,” ಎಂದರು. “ತಂದಿ ನೆನಪು ಒಂದು ಎಳಿ ಉಳದ್ರೂ, ಅಂವ ಎಲ್ಲಿ ಹೋದ ಅಂತ ಮನಸ್ಸು ಹುಡುಕ್ತದ. ಪೂರ್ತಿ ಹೋಗಬೇಕು.”

ಮನೆಗೆ ಬಂದು ತಾಯಿ ಮಗಳು ಒಲೆ ಹಚ್ಚದೆ ಕೂತರು. ಹಣ್ಣಿನ ಬುಟ್ಟಿ ಬಣ್ಣದ ಹಾಳೆ ಸುತ್ತಿಕೊಂಡು ಮೂಲೆಯಲ್ಲಿತ್ತು. ಹಿಂದಿನ ಕಸದ ಗುಡ್ಡೆಯ ನಾತ ಕಿಟಕಿಯಿಂದ ಬರುತ್ತಿತ್ತು.

“ಕಣ್ಣ ಕೊಟ್ಟಬಿಡ್ತೀನಿ ಯವ್ವಾ,” ಎಂದಳು ಚಂಪಾ. “ಗಾಡಿ ಹೋದ್ರ ಹೋಗ್ಲಿ. ಅಪ್ಪನ್ನ ಕೊಡಾಂಗಿಲ್ಲ.”

“ಹುಚ್ಚಿ! ಸತ್ತವ್ನ ಹಿಡಕೊಂಡು ಏನ್ ಮಾಡ್ತಿ? ಅಂವನ ಕಣ್ಣ ಮುಚ್ಚ್ಯಾವ. ನಿನ್ನುವು ತೆರದಾವ. ನನಗ ತೆರದಿದ್ದು ಬೇಕು.”

“ಅಂವನ್ನ ಮರತ ಮ್ಯಾಲ ನಾ ಯಾರ ಮಗಳು?”

“ನನ್ನ ಮಗಳು. ಸಾಲೂದಿಲ್ಲೇನು?” ರುದ್ರವ್ವ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. “ಕೇಳಿಲ್ಲೆ. ಇವತ್ತ ಒಂದು ಕಣ್ಣ. ನಿನ್ನ ಸೊನ್ನಿ ಹಂಗ ಇರೂಮಟ ಅವರು ಬರೂದು ಬಿಡೂದಿಲ್ಲ. ನಾಳೆ ಮೂತ್ರಪಿಂಡ ಅಂತಾರ, ನಾಡಿದ್ದ ಇನ್ನೊಂದು ಅಂತಾರ. ಅಂವನ್ನ ನನಗ ಕೊಡು. ಎಲ್ಲಾ ನಾ ಇಟ್ಕೊಂತೀನಿ. ಒಂದೂ ಚೆಲ್ಲೂದಿಲ್ಲ. ಎಲ್ಲಾ ಮುಗದ ಮ್ಯಾಲ ಕುಂಡ್ರಿಸಿಕೊಂಡು ಹೇಳ್ತೀನಿ.”

ಚಂಪಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು, “ಎಲ್ಲಾ ಹೇಳ್ತೀ ಹೌದಿಲ್ಲೋ? ಒಂದೂ ಬಿಡಬ್ಯಾಡ,” ಎಂದಳು. ರುದ್ರವ್ವ ಆಣೆ ಮಾಡಿದಳು.

ಚಿಕಿತ್ಸೆ ಕೇಳಲು ಸುಲಭ. ನಾವು ಏನನ್ನಾದರೂ ನೆನೆದಾಗ ಆ ನೆನಪು ಮಿದುಳಿನಲ್ಲಿ ತನ್ನ ಜಾಗದಿಂದ ಎದ್ದು ಬರುತ್ತದೆ, ನೆನೆದಾದ ಮೇಲೆ ಮತ್ತೆ ಹೋಗಿ ಬೇರೂರುತ್ತದೆ. ಮತ್ತೆ ಬೇರೂರದಂತೆ ತಡೆಯುವ ಒಂದು ಔಷಧವಿದೆ. ಅದನ್ನು ರಕ್ತಕ್ಕೆ ಹನಿಸುತ್ತ ನೆನಪುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳಿಸಬೇಕು. ಹೇಳಿದ್ದು ಹೇಳಿದಂತೆಯೇ ಹೋಗುತ್ತದೆ. ಏನನ್ನು ಹೇಳಿಸಬೇಕು ಎಂಬುದು ಗೊತ್ತಿರುವ ಒಬ್ಬರು ಪಕ್ಕದಲ್ಲಿರಬೇಕು. ರುದ್ರವ್ವನನ್ನು ಬಿಟ್ಟರೆ ಯಾರಿದ್ದರು?

ಬಿಳಿ ಕೋಣೆಯಲ್ಲಿ ಚಂಪಾಳ ಕೈಗೆ ಸೂಜಿ ಚುಚ್ಚಿದರು. ರುದ್ರವ್ವ ಕುರ್ಚಿ ಎಳೆದುಕೊಂಡು ಕೂತಳು.

“ಉಳವಿ ಜಾತ್ರಿಗೆ ಹೋಗೂ ದಾರ್ಯಾಗ ನಿಮ್ಮಪ್ಪ ನಿನಗ ಏನ್ ಕೊಡಿಸಿದ್ದ?”

“ಪೀಪಿ,” ಎಂದು ಚಂಪಾ ನಕ್ಕಳು. “ಕೆಂಪು ಪೀಪಿ. ನಾ ಊದಿ ಊದಿ ನೀ ಬೈದಿ. ಅಪ್ಪ ಕಸಗೊಂಡು ತಾನ ಊದಿದ.”

“ಮತ್ತ, ನಿನಗ ಗೋಬರಿ ಎದ್ದು ಮೈಯೆಲ್ಲಾ ಗುಳ್ಳಿ ಆದಾಗ?”

“ಬೇವಿನ ಸೊಪ್ಪು ತಂದು ಹಾಸಿದ. ರಾತ್ರೆಲ್ಲಾ ಗಾಳಿ ಬೀಸಿದ. ನಿದ್ದಿ ಬಂದು ಬೀಸಣಿಕಿ ನನ್ನ ಮೂಗಿನ ಮ್ಯಾಲ ಬಿತ್ತು.”

ಸ್ವಲ್ಪ ಹೊತ್ತು ಬಿಟ್ಟು ರುದ್ರವ್ವ ಪರೀಕ್ಷೆ ಮಾಡಲು ಕೇಳಿದಳು. “ಉಳವಿ ದಾರ್ಯಾಗ ಏನ್ ಕೊಡಿಸಿದ್ದ?”

“ಯಾರು?” ಎಂದಳು ಚಂಪಾ.

ದಿನಗಟ್ಟಲೆ ಇದು ನಡೆಯಿತು. ಫಕೀರಪ್ಪ ಜ್ವರದಲ್ಲಿ ಬಡಬಡಿಸಿದ್ದು, ಮಗಳ ಜಡೆ ಹೆಣೆಯಲು ಹೋಗಿ ಸಿಕ್ಕು ಮಾಡಿದ್ದು, ಮಿರ್ಚಿಯ ಪೊಟ್ಟಣವನ್ನು ಶರ್ಟಿನೊಳಗಿಟ್ಟುಕೊಂಡು ಬಿಸಿಯಾಗಿ ತಂದದ್ದು. ಕೆಲವು ರುದ್ರವ್ವನಿಗೇ ಗೊತ್ತಿರಲಿಲ್ಲ. ತಾಯಿಗೆ ಹೇಳಬೇಡ ಎಂದು ಅಪ್ಪ ಮಗಳು ಕೂಡಿ ಮಾಡಿದ ಕಿತಾಪತಿಗಳೂ ಹೊರಬಂದವು. ಅವನು ಅವಳಿಗೆ ಎರಡನೆಯ ಸಲ ಸಿಕ್ಕ, ಮಗಳ ಬಾಯಿಂದ. ಮೊದಲ ಬಾರಿಗೆ ಅವಳಿಗೆ ಗಂಡನ ಮೇಲೆ ಇಷ್ಟು ಪ್ರೀತಿ ಬಂತು, ಮೊದಲ ಬಾರಿಗೆ ಅವನು ಇಷ್ಟು ಪೂರ್ತಿಯಾಗಿ ಸತ್ತ.

ಅಪಘಾತದ ದಿನವನ್ನು ಹೇಳುವಾಗ ಚಂಪಾ ತಾಯಿಯ ಕೈಯನ್ನು ಮೂಳೆ ನೋಯುವಂತೆ ಹಿಡಿದಿದ್ದಳು. ಹೇಳಿ ಮುಗಿದ ಮೇಲೆ, ಈ ಕೈಯನ್ನು ಏಕೆ ಹಿಡಿದುಕೊಂಡಿದ್ದೇನೆ ಎಂದು ನೋಡಿ, ಬಿಟ್ಟಳು.

ಕೊನೆಗೆ ಒಂದೇ ಉಳಿಯಿತು. ಅವಳ ನೂರು. ಫಕೀರಪ್ಪ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಸಲ ಸ್ಟೇರಿಂಗ್ ಕೊಟ್ಟ ದಿನ. ಗಾಡಿ ಸೀದಾ ಹೋಗಿ ಗೌಡರ ಹುಲ್ಲಿನ ಬಣವೆಗೆ ನುಗ್ಗಿತ್ತು. ಹಾಲಿನ ಕ್ಯಾನುಗಳು ಉರುಳಿ ರಸ್ತೆ ಬೆಳ್ಳಗಾಗಿತ್ತು. ಗೌಡರು ಬಡಿಗೆ ಹಿಡಿದು ಬರುತ್ತಿದ್ದರೆ ಅಪ್ಪ ಹುಲ್ಲಿನೊಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, “ನನ್ನ ಮಗಳು ಡ್ರೈವರ್ ಆದ್ಳಲೇ!” ಎಂದು ಊರಿಗೇ ಕೇಳುವಂತೆ ಕೂಗುತ್ತಿದ್ದ.

“ಇದೊಂದು ಇರ್ಲಿ ಸಾಹೇಬ್ರ,” ಎಂದು ರುದ್ರವ್ವ ಬೇಡಿಕೊಂಡಳು.

“ಇದೇ ಬೇರು ರೀ ಅವ್ವಾರ,” ಎಂದರು ಸುಶೀಲೇಂದ್ರ. “ಇದನ್ನ ಬಿಟ್ರ ಉಳದದ್ದೆಲ್ಲಾ ಮತ್ತ ಚಿಗೀತದ.”

ಚಂಪಾ ಅದನ್ನೂ ಹೇಳಿದಳು, ನಗುನಗುತ್ತ ಹೇಳಿದಳು. ನಗು ಮುಗಿಯುವ ಮೊದಲೇ, ಯಾಕೆ ನಗುತ್ತಿದ್ದೇನೆ ಎನ್ನುವುದು ಮುಖದಿಂದ ಇಳಿದುಹೋಯಿತು.

ಮರುದಿನ ಮನೆಯಲ್ಲಿ ಅವಳು ಗೋಡೆಯ ಮೇಲಿದ್ದ ಫೋಟೋ ನೋಡುತ್ತ ನಿಂತಳು. ರುದ್ರವ್ವ ಅದನ್ನು ತೆಗೆದಿಡಲು ಮರೆತಿದ್ದಳು. “ಈ ಮನಷಾ ಯಾರ್ ಯವ್ವಾ? ಮೀಸಿ ಒಂದೀಟು ಛಂದಿಲ್ಲ,” ಎಂದು ಚಂಪಾ ಒಳಗೆ ಹೋದಳು. ಅದೇ ದಿನ ಇಬ್ಬರಿಗೂ ಅಳತೆ ಇತ್ತು.

ಚಂಪಾಳ ಅಳತೆ ನೋಡಿ ಸುಶೀಲೇಂದ್ರ ಚಪ್ಪಾಳೆ ತಟ್ಟಿದರು. ಅವಳ ಸೊನ್ನೆ ಈಗ ಶಾಲೆಯಲ್ಲಿ ಕಂಪಾಸ್ ಪೆಟ್ಟಿಗೆ ಕಳೆದ ದಿನ, ನೂರು ಅಂದರೆ ಗೆಳತಿಯ ಮದುವೆಯಲ್ಲಿ ಹೊಸ ಸೀರೆ ಉಟ್ಟ ದಿನ. ಸಿರಿವಂತರ ಮನೆಯಲ್ಲಿ ಹತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದರೂ ಇಷ್ಟು ಚೊಕ್ಕ ಅಳತೆ ಬರುವುದಿಲ್ಲ. ಅವಳ ಕಣ್ಣು ತೆಗೆದರೆ ಈಗ ಎಂಬತ್ತಾರು ಅಂಕಿ ನಷ್ಟ. ಯಂತ್ರ ಅವಳ ಹೆಸರನ್ನು ತಾನಾಗಿಯೇ ಕೈಬಿಟ್ಟಿತು.

ಆಮೇಲೆ ರುದ್ರವ್ವ ಕುರ್ಚಿಯಲ್ಲಿ ಕೂತಳು. ನಿಮ್ಮ ಬಾಳಿನ ಅತ್ಯಂತ ಕೆಟ್ಟ ದಿನ ನೆನೆಯಿರಿ ಎಂದರು. ಅವಳು ದೂರ ಹೋಗಬೇಕಾಗಿರಲಿಲ್ಲ. ಅಂದು ಬೆಳಗಿನದೇ ಇತ್ತು.

ಪರದೆಯ ಮೇಲಿನ ಗೆರೆ ಇಳಿಯಿತು, ಇಳಿಯುತ್ತಲೇ ಹೋಯಿತು. ಸುಶೀಲೇಂದ್ರ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ಚಂಪಾಳ ಹಳೆಯ ಸೊನ್ನೆ ಇದರ ಮುಂದೆ ಏನೂ ಅಲ್ಲ. ಈ ಹೊಸ ಸೊನ್ನೆಯಿಂದ ಎಣಿಸಿದರೆ ರುದ್ರವ್ವ ಈ ಗಳಿಗೆ ಎಪ್ಪತ್ತನಾಲ್ಕರಲ್ಲಿದ್ದಳು. ವರ್ಷಗಟ್ಟಲೆ ಎಂಟು, ಒಂಬತ್ತರಲ್ಲಿ ಕೊಳೆತವಳು ಒಂದೇ ಬಾರಿಗೆ ಎಪ್ಪತ್ತನಾಲ್ಕು!

“ನಿಮಗ ಛಲೋ ಆತು,” ಎಂದು ಅವರು ಸಂತೋಷದಿಂದ ಹೇಳಿದರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಚಿರಂತನನ ಗೆರೆಯ ಪಕ್ಕ ಹೊಸ ಹೆಸರೊಂದು ಮೂಡಿತ್ತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. “ವಯಸ್ಸಿನ ಕಣ್ಣು. ಆದ್ರೂ ನಡೀತದ ಅಂತದ ಯಂತ್ರ. ನಿಮ್ಮಿಂದ ಬರೇ ಮೂರು ಹೋಗ್ತದ ರುದ್ರವ್ವನವರ.”

“ತಗೋರಿ,” ಎಂದಳು ರುದ್ರವ್ವ. “ಅಕಿಂದು ಉಳೀತಲ್ಲ.”

ಕಣ್ಣು ತೆಗೆದರು. ಚಿರಂತನ ಕನ್ನಡಿಯಲ್ಲಿ ನೋಡಿಕೊಂಡು, ಬಣ್ಣ ಒಂಚೂರು ಬೇರೆಯಾಯಿತು ಎಂದು ಎರಡು ದಿನ ಮುನಿಸಿಕೊಂಡ, ಆಮೇಲೆ ಎಂಬತ್ತೆಂಟಕ್ಕೇರಿದ. ರುದ್ರವ್ವ ಎಪ್ಪತ್ತೊಂದರಲ್ಲಿ ನಿಂತಳು. ಯಂತ್ರದ ಲೆಕ್ಕ ಕೂದಲಷ್ಟೂ ತಪ್ಪಲಿಲ್ಲ.

ತಪ್ಪಿದ್ದು ಅವಳ ಲೆಕ್ಕ. ಉಳಿಸಿಕೊಟ್ಟ ಕಣ್ಣುಗಳಿಂದ ಮಗಳು ಗಾಡಿ ಹೊಡೆಯಲಿಲ್ಲ. ಎರಡು ದಿನ ಹೋಗಿ ಬಂದು, ಡೀಸೆಲ್ ನಾತಕ್ಕೆ ತಲೆ ನೋಯುತ್ತದೆ, ಇಷ್ಟು ನಸುಕಿನಲ್ಲಿ ಏಳುವುದು ಯಾವ ಕರ್ಮ ಎಂದಳು. ಅಂಕಿ ಹದಿನೈದಕ್ಕೆ ಇಳಿದಿತ್ತು. ಯಂತ್ರ ಅವಳನ್ನು ತಂಪು ಕೋಣೆಯ ಬಟ್ಟೆ ಅಂಗಡಿಗೆ ಹಾಕಿತು, ಮನೆಯ ಹಿಂದಿನ ಕಸವನ್ನೂ ಬೇರೆ ಓಣಿಗೆ ಒಯ್ದಿತು. ತಲೆಗೊಂದು ಹೊಸ ಕ್ಲಿಪ್ಪು ಸಿಕ್ಕರೆ ತೊಂಬತ್ತು, ಸಾರಿಗೆ ಉಪ್ಪು ಹೆಚ್ಚಾದರೆ ಹನ್ನೆರಡು.

ರುದ್ರವ್ವ ಆಣೆ ಮರೆತಿರಲಿಲ್ಲ. ಒಂದು ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. “ಚಂಪಾ, ನಿನಗೊಬ್ಬ ಅಪ್ಪ ಇದ್ದ.”

“ಎಲ್ಲಾರಿಗೂ ಇರ್ತಾನ,” ಎಂದು ಚಂಪಾ ಮುಖ ತಿರುಗಿಸಿದಳು. “ಯವ್ವಾ, ಆ ಕಣ್ಣಿಗೆ ಏನರ ಕಟ್ಟಿಕೊ. ನೋಡಿದ್ರ ಊಟ ಸೇರೂದಿಲ್ಲ.”

ಮಗಳ ಅಂಕಿ ಒಂಬತ್ತಕ್ಕೆ ಇಳಿದಿರಬೇಕು. ಮರುದಿನವೇ ಮೊತ್ತದ ಮನೆಯಿಂದ ಗಾಡಿ ಬಂದು ರುದ್ರವ್ವನನ್ನು ಆಸ್ಪತ್ರೆಯ ಹಿಂದಿನ ವಸತಿಗೆ ಕರೆದೊಯ್ದಿತು. ಆಳದ ಸೊನ್ನೆಯವರೆಲ್ಲ ಅಲ್ಲೇ ಇರುತ್ತಾರೆ. ಬೇಕಾದಾಗ ಹುಡುಕುವುದು ತಪ್ಪುತ್ತದೆ. ಚಂಪಾ ಬಾಗಿಲಲ್ಲಿ ನಿಂತು ಕೈ ಬೀಸಿದಳು, ಗಾಡಿ ಓಣಿ ತಿರುಗುವ ಮೊದಲೇ ಒಳಗೆ ಹೋದಳು.

ಆ ವರ್ಷದ ಯುಗಾದಿಗೆ ‘ಸುಖಿ ನಾಗರಿಕ’ ರುದ್ರವ್ವ. ಬೇರೆ ಯಾರಾದಾರು? ನಾವೆಲ್ಲ ಸಿಟ್ಟು, ಸೆಡವು, ಸೊಳ್ಳೆ, ಉಪ್ಪು ಎಂದು ದಿನಕ್ಕೆ ಹತ್ತು ಸಲ ಏರಿಳಿಯುತ್ತೇವೆ. ಅವಳು ತಿಂಗಳುಗಟ್ಟಲೆ ಅಲುಗಾಡದೆ ಎಪ್ಪತ್ತೊಂದು. ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಹಿಂದೆ ದೊಡ್ಡ ಪರದೆಯ ಮೇಲೆ ಊರಿನ ಮೊತ್ತ ಮಿನುಗುತ್ತಿತ್ತು. ಸುಶೀಲೇಂದ್ರ ತಾವೇ ಕೈಹಿಡಿದು ಕರೆತಂದರು. ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ಕಣ್ಣಿನ ಪಟ್ಟಿಯ ಮೇಲೆ ಜಾರಿತು, ಯಾರೋ ಸರಿಮಾಡಿದರು. ಎರಡು ಮಾತು ಆಡಿರಿ ಎಂದು ಮೈಕು ಕೊಟ್ಟರು.

ರುದ್ರವ್ವ ಉಳಿದ ಕಣ್ಣಿನಿಂದ ಜನರ ನಡುವೆ ಹುಡುಕಿದಳು. ಮೂರನೆಯ ಸಾಲಿನಲ್ಲಿ, ಅಂಗಡಿಯ ಗೆಳತಿಯರ ಜೊತೆ, ಚಂಪಾ ಕೂತಿದ್ದಳು.

“ಒಬ್ಬ ಹಾಲಿನ ಗಾಡಿ ಡ್ರೈವರ್ ಇದ್ದ,” ಎಂದು ಶುರುಮಾಡಿದಳು. “ಅಂವಗ ಒಬ್ಬ ಮಗಳು. ಒಂದಿನ ತೊಡಿ ಮ್ಯಾಲ ಕುಂಡ್ರಿಸಿಕೊಂಡು, ಹಿಡೀ ನನ್ನವ್ವಾ ಅಂತ ಸ್ಟೇರಿಂಗ್ ಕೊಟ್ಟ...”

ಬಣವೆ, ಕ್ಯಾನು, ಬೆಳ್ಳಗಾದ ರಸ್ತೆ, ಬಡಿಗೆ ಹಿಡಿದ ಗೌಡರು. ಒಂದನ್ನೂ ಬಿಡಲಿಲ್ಲ. ಕಣ್ಣು ಮಗಳ ಮುಖದಿಂದ ಕದಲಲಿಲ್ಲ. ಎಲ್ಲಾದರೂ ಒಂದು ಕಡೆ, ಪೀಪಿಯಷ್ಟು, ಬೇವಿನ ಎಲೆಯಷ್ಟು ಏನಾದರೂ ಉಳಿದಿರಬಹುದು. ಹಣೆ ಗಂಟಿಕ್ಕಬಹುದು, ಎದ್ದು ನಿಲ್ಲಬಹುದು. “ನನ್ನ ಮಗಳು ಡ್ರೈವರ್ ಆದ್ಳಲೇ!” ಎಂದು ಗಂಡನ ದನಿಯಲ್ಲೇ ಕೂಗಿದಳು.

ಜನ ಗೊಳ್ಳೆಂದು ನಕ್ಕರು. ಚಂಪಾ ಎಲ್ಲರಿಗಿಂತ ಹೆಚ್ಚು ನಕ್ಕಳು. ನಗುತ್ತ ಕಣ್ಣು ಒರೆಸಿಕೊಂಡು ಗೆಳತಿಯ ಕಡೆ ವಾಲಿ, “ಯಾರಪ್ಪನೋ ಏನೋ, ಭಾಳ ಛಲೋ ಇದ್ದ ಬಿಡು,” ಎಂದಳು. ಮೈಕು ಮುಂದಿನ ಸಾಲುಗಳ ಮಾತನ್ನೆಲ್ಲ ಹಿಡಿಯುತ್ತಿತ್ತು. ಅದು ಶಾಮಿಯಾನಕ್ಕೆಲ್ಲ ಕೇಳಿಸಿತು. ಅವಳ ಅಂಕಿ ತೊಂಬತ್ತೇಳು. ಪರದೆಯ ಮೇಲಿನ ಮೊತ್ತ ಊರಿನ ಇತಿಹಾಸದಲ್ಲೇ ಇಲ್ಲದಷ್ಟು ಏರಿತು, ಪಟಾಕಿ ಹಚ್ಚಿದರು.

ಸುಶೀಲೇಂದ್ರರ ಅಂಗೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಮಾತ್ರ ಒಂದು ಅಂಕಿ ಬೀಳುತ್ತಿತ್ತು. ಎಪ್ಪತ್ತೊಂದು, ನಲವತ್ತು, ಆರು, ಸೊನ್ನೆ. ಸೊನ್ನೆಯಲ್ಲೂ ನಿಲ್ಲದೆ ಅಂಕಿಯೇ ಅಳಿಸಿಹೋಗಿ ಬರಿಯ ಗೆರೆ ಮೂಡಿತು. ಸೊನ್ನೆಗಿಂತ ಕೆಳಗೆ ಏನೂ ಇಲ್ಲ ಎನ್ನುವುದು ಈ ಶಾಸ್ತ್ರದ ಮೊದಲ ಪಾಠ. ಇದ್ದಂತೆ ಕಂಡರೆ ಮಾಪಿ ಕೆಟ್ಟಿದೆ ಎಂದೇ ಅರ್ಥ. ಅಂಥ ಸಂದರ್ಭದಲ್ಲಿ ಏನು ಮಾಡಬೇಕೆಂಬ ನಿಯಮವೂ ಇದೆ. ಮಾಪಿ ಕೆಡುವ ಮೊದಲು ಸ್ಥಿರವಾಗಿ ನಿಂತಿದ್ದ ಅಂಕಿಯನ್ನೇ ಕಾಯಂ ಮಾಡಬೇಕು. ಹಿಂದೊಮ್ಮೆ ನಮ್ಮ ಓಣಿಯ ಮಾಸ್ತರರೊಬ್ಬರು ಸತ್ತು, ಬಾಗಿಲು ಒಡೆದು ಹೆಣ ತೆಗೆಯುವವರೆಗೂ, ಇದೇ ನಿಯಮದ ಪ್ರಕಾರ ಅರವತ್ತನಾಲ್ಕರಲ್ಲಿ ಸುಖವಾಗಿದ್ದರು.

ಸುಶೀಲೇಂದ್ರ ಒಂದು ಗಳಿಗೆ ರುದ್ರವ್ವನ ಕಡೆ ನೋಡಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ. ಮೈಕನ್ನು ಹಾಗೇ ಹಿಡಿದು ನಿಂತಿದ್ದಳು, ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅವರು ಗುಂಡಿ ಒತ್ತಿದರು.

ಆಮೇಲೆ ಅವಳ ಮೂತ್ರಪಿಂಡ ತೆಗೆದರು, ಇನ್ನೊಂದು ಕಣ್ಣೂ ತೆಗೆದರು. ನಷ್ಟವೇನೂ ಇರಲಿಲ್ಲ. ಅವಳು ಇವತ್ತಿಗೂ ಎಪ್ಪತ್ತೊಂದರಲ್ಲಿದ್ದಾಳೆ.